ಮಾವನೊಡನೆ ಮಾತಾಡಕೂಡದು ಎಂಬ ಷರತ್ತು

ನಾನು ಬದುಕಿಡೀ ಇಂಗ್ಲಿಷಿನಲ್ಲಿ ಬರೆದೆ. ಬರೆದ ಪ್ರತಿಯೊಂದರ ಕೊನೆಗೂ ‘ಗೌರವಪೂರ್ವಕವಾಗಿ ಸಲ್ಲಿಸಲಾಗಿದೆ’ ಎಂದು ಸೇರಿಸಿದೆ. ಗೌರವ ಎಳ್ಳಷ್ಟೂ ಇಲ್ಲದಾಗಲೂ ಸೇರಿಸಿದೆ, ಪದ್ಧತಿ ಹಾಗೆ. ಈಗ ನಿವೃತ್ತಳಾಗಿದ್ದೇನೆ, ಗೌರವ ಸಲ್ಲಿಸುವ ಬಾಧ್ಯತೆ ಮುಗಿದಿದೆ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಬರುವ ದೊಡ್ಡ ಮನುಷ್ಯರಲ್ಲಿ ಒಬ್ಬರಿಗೂ ಕನ್ನಡ ಓದಲು ಬರುವುದಿಲ್ಲ ಎಂಬುದು ಇನ್ನೊಂದು ಅನುಕೂಲ.

ರೆಡ್ಮಂಡಿನ ಸ್ನೇಹಿತರ ಮಗಳೊಬ್ಬಳು ಕಾನೂನು ಓದಿ ಮುಗಿಸಿ ನಾನು ಬಿಟ್ಟ ಕೆಲಸಕ್ಕೇ ಸೇರಿದ್ದಾಳೆ. ‘ಆಂಟಿ, ವಾಟ್ ಈಸ್ ದ ಜಾಬ್ ರಿಯಲಿ ಲೈಕ್?’ ಎಂದು ಕೇಳಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅವಳ ಅಮ್ಮ ಓದಿ ಹೇಳಲಿ. ಮಗಳು ಯಾವ ಕೊಂಪೆಗೆ ಹೋಗಿ ಬಿದ್ದಿದ್ದಾಳೆ ಎಂಬುದು ಅಮ್ಮನಿಗೂ ತಿಳಿಯಲಿ.

ಕೆಲಸ ಏನೆಂದು ಮೊದಲು ಹೇಳುತ್ತೇನೆ. ಸಿಯಾಟಲ್‌ನ ಫೆಡರಲ್ ಕೋರ್ಟಿನಲ್ಲಿ ಶಿಕ್ಷೆಯಾಗಿ, ಸ್ವಂತ ವಕೀಲರನ್ನು ಇಟ್ಟುಕೊಳ್ಳಲು ಶಕ್ತಿಯಿಲ್ಲದವರ ಪರವಾಗಿ ಮೇಲಿನ ಕೋರ್ಟಿಗೆ ಮೇಲ್ಮನವಿ ಬರೆಯುವುದು. ಅದರಲ್ಲೂ ನನ್ನ ಪಾಲಿಗೆ ಬಂದದ್ದು ಬಹುಪಾಲು ಬಿಡುಗಡೆಯ ಷರತ್ತುಗಳು. ಇಲ್ಲಿ ಜೈಲಿನಿಂದ ಹೊರಬಂದವನು ಸುಮ್ಮನೆ ಮನೆಗೆ ಹೋಗುವಂತಿಲ್ಲ. ಕೆಲವು ವರ್ಷ ಪ್ರೊಬೇಶನ್ ಅಧಿಕಾರಿಯ ಕಣ್ಗಾವಲಿನಲ್ಲಿರಬೇಕು. ಎಲ್ಲಿ ಇರಬೇಕು, ಯಾರ ಜೊತೆ ಮಾತಾಡಬಾರದು, ಏನು ಮುಟ್ಟಬಾರದು ಎಂಬುದನ್ನೆಲ್ಲ ನ್ಯಾಯಾಧೀಶರು ಶಿಕ್ಷೆ ವಿಧಿಸುವ ದಿನವೇ ಹೇಳಿರುತ್ತಾರೆ. ಒಂದು ಮುರಿದರೂ ಮತ್ತೆ ಒಳಗೆ.

ಇಷ್ಟು ಗಂಭೀರವಾದದ್ದನ್ನು ಎಷ್ಟು ಗಂಭೀರವಾಗಿ ಮಾಡುತ್ತಾರೆ ಅಂತೀರಾ? ಪ್ರೊಬೇಶನ್ ಕಚೇರಿಯ ಕಂಪ್ಯೂಟರಿನಲ್ಲಿ ಒಂದು ಸಿದ್ಧ ಪಟ್ಟಿ ಇರುತ್ತದೆ. ಹಿಂದಿನವನ ಷರತ್ತನ್ನು ಮುಂದಿನವನಿಗೆ ಮಕ್ಕಿಕಾಮಕ್ಕಿ ಇಳಿಸುತ್ತಾರೆ. ನ್ಯಾಯಾಧೀಶರು ಊಟದ ಹೊತ್ತಿಗಿಂತ ಮುಂಚೆ ಮುಗಿಸುವ ಆತುರದಲ್ಲಿ ಗಡಗಡ ಓದುತ್ತಾರೆ. ‘ಆಕ್ಷೇಪ ಇದೆಯೇ?’ ಎನ್ನುತ್ತಾರೆ. ಪಕ್ಕದಲ್ಲಿ ನಿಂತ ವಕೀಲ ‘ಇಲ್ಲ, ಮಾನ್ಯರೇ’ ಎಂದು ಗೋಣು ಹಾಕುತ್ತಾನೆ. ಅವನ ತಲೆಯಲ್ಲಿ ಇರುವುದು ಜೈಲಿನ ಅವಧಿ ಮಾತ್ರ. ಹೊರಗೆ ಬಂದ ಮೇಲೂ ಮನುಷ್ಯ ಬದುಕಬೇಕಲ್ಲ ಎಂಬುದು ಆ ಕೋಣೆಯಲ್ಲಿ ಯಾರ ಚಿಂತೆಯೂ ಅಲ್ಲ.

ಏಡಿ ಹಿಡಿಯುವ ಮುದುಕನೊಬ್ಬ ನನಗೆ ಸಿಕ್ಕಿದ್ದ. ಹಿಡಿಯಬಾರದ ಕಾಲದಲ್ಲಿ, ಹಿಡಿಯಬಾರದ ಜಾಗದಲ್ಲಿ ಹಿಡಿದು ಮಾರಿದ್ದ. ಅವನಿಗೆ ಕೊಟ್ಟ ಷರತ್ತು: ಅಧಿಕಾರಿಯ ಅನುಮತಿಯಿಲ್ಲದೆ ಯಾವ ಕಂಪ್ಯೂಟರಿಗೂ ಹೊಸ ಸಾಫ್ಟ್‌ವೇರ್ ಹಾಕಕೂಡದು. ‘ಮೇಡಮ್, ಸಾಫ್ಟ್‌ವೇರ್ ಅಂದರೆ ಯಾವ ಥರದ ಬಲೆ?’ ಎಂದು ಫೋನಿನಲ್ಲಿ ಕೇಳಿದ. ಅದೇ ಆದೇಶದ ಕೆಳಗಡೆ ಇನ್ಯಾರದೋ ಹೆಸರೂ ಉಳಿದುಕೊಂಡಿತ್ತು. ಹಿಂದಿನ ಗಿರಾಕಿಯದು. ಅಳಿಸುವಷ್ಟು ವ್ಯವಧಾನವೂ ಇರಲಿಲ್ಲ. ಅದಕ್ಕೆ ನಾನು ಇಪ್ಪತ್ತು ಪುಟ ಗೌರವಪೂರ್ವಕವಾಗಿ ಬರೆಯಬೇಕಾಯಿತು.

ಗೆದ್ದರೆ ಏನಾಗುತ್ತದೆ ಎಂಬುದನ್ನೂ ಕೇಳಿ. ಒಮ್ಮೆ ಮೇಲಿನ ಕೋರ್ಟು ನನ್ನ ಮಾತು ಒಪ್ಪಿ, ‘ಈ ಷರತ್ತಿಗೆ ಕಾರಣವನ್ನೇ ಹೇಳಿಲ್ಲ’ ಎಂದು ಕೇಸನ್ನು ವಾಪಸು ಕಳಿಸಿತು. ಕೆಳಗಿನ ನ್ಯಾಯಾಧೀಶರು ಅದೇ ಕೋಣೆಯಲ್ಲಿ, ಅದೇ ಕುರ್ಚಿಯಲ್ಲಿ ಕೂತು, ಎರಡು ವಾಕ್ಯದ ಕಾರಣ ಸೇರಿಸಿ ಅದೇ ಷರತ್ತನ್ನು ಮತ್ತೆ ಹಾಕಿದರು. ನನ್ನ ಕಕ್ಷಿದಾರ ತಿರುಗಿ ನನ್ನ ಮುಖ ನೋಡಿದ. ‘ಗೆದ್ದಿದ್ದೀವಿ’ ಎಂದು ಅವನಿಗೆ ಹೇಗೆ ಹೇಳುವುದೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ನನ್ನ ಮೇಲಧಿಕಾರಿ ವಾಲ್ಟರ್ ಮಾತ್ರ ಇಂಥದ್ದನ್ನೂ ಗೆಲುವು ಎಂದೇ ಬರೆದುಕೊಳ್ಳುತ್ತಿದ್ದ. ಫ್ರೀಮಾಂಟಿನಿಂದ ಸೈಕಲ್ ತುಳಿದುಕೊಂಡು ಬರುವ, ಮಳೆಯಲ್ಲಿ ನೆನೆದದ್ದನ್ನು ಸಾಧನೆಯೆಂದು ತಿಳಿಯುವ ಮನುಷ್ಯ. ಅವನ ಮೇಜಿನ ಮೇಲೆ ಹಿತ್ತಾಳೆಯ ಗಂಟೆಯೊಂದಿತ್ತು. ಯಾರಿಗಾದರೂ ಅನುಕೂಲ ತೀರ್ಪು ಬಂದರೆ ಹೊಡೆಯುತ್ತಿದ್ದ. ಆ ಸದ್ದು ಕೇಳಿ ನಾವೆಲ್ಲ ಎದ್ದು ಚಪ್ಪಾಳೆ ತಟ್ಟಬೇಕು. ಕಕ್ಷಿದಾರ ಎಲ್ಲೋ ಜೈಲಿನಲ್ಲಿ ಕೂತಿರುತ್ತಿದ್ದ, ಅವನಿಗೆ ಗಂಟೆ ಕೇಳುತ್ತಿರಲಿಲ್ಲ.

ಕಾಲ ಬದಲಾಗಿದೆ ಅಂತಾರೆ. ನಾನು ಸೇರಿದಾಗ ಮೇಲ್ಮನವಿಗೆ ನೀಲಿ ರಟ್ಟು, ಸರ್ಕಾರದ ಉತ್ತರಕ್ಕೆ ಕೆಂಪು ರಟ್ಟು. ಹೊಲಿಗೆ ಸರಿಯಿಲ್ಲವೆಂದು ವಾಪಸು ಬಂದದ್ದೂ ಉಂಟು. ಆಮೇಲೆ ಎಲ್ಲ ಕಂಪ್ಯೂಟರಿನಲ್ಲೇ ಕಳಿಸುವುದು ಬಂತು. ಈಗ ಬರೆದುಕೊಡಲು ಯಂತ್ರವೂ ಬಂದಿದೆ. ನಾನು ಬಿಡುವ ಹೊತ್ತಿಗೆ ಒಬ್ಬ ಖಾಸಗಿ ವಕೀಲ, ಹುಟ್ಟಿಯೇ ಇಲ್ಲದ ತೀರ್ಪುಗಳನ್ನು ಯಂತ್ರದಿಂದ ಬರೆಸಿ ಸಲ್ಲಿಸಿ, ಆಮೇಲೆ ಗೌರವಪೂರ್ವಕವಾಗಿ ಕ್ಷಮೆ ಕೇಳಿದ. ಜನ ಮೂಗಿನ ಮೇಲೆ ಬೆರಳಿಟ್ಟರು. ನನಗೇನೂ ಆಶ್ಚರ್ಯವಾಗಲಿಲ್ಲ. ಓದದೆ ಬರೆಯುವುದನ್ನು, ನೋಡದೆ ಸಹಿ ಹಾಕುವುದನ್ನು ಇಲ್ಲಿನ ಮನುಷ್ಯರು ಯಂತ್ರ ಬರುವ ಮೊದಲೇ ಚೆನ್ನಾಗಿ ಕಲಿತಿದ್ದರು.

ಈಗ ಈರಣ್ಣನ ಕೇಸಿಗೆ ಬರುತ್ತೇನೆ. ಹೆಸರು ಬದಲಿಸಿದ್ದೇನೆ. ಇದನ್ನು ಬರೆಯಲು ಅವನ ಹೆಂಡತಿಯ ಒಪ್ಪಿಗೆ ಇದೆ, ಅವನದೂ ಇದೆ ಅಂತ ಆಕೆ ಹೇಳಿದ್ದಾಳೆ.

ಕೇಸು ನನಗೆ ಬಂದದ್ದು ‘ನಿಮ್ಮ ಕಡೆಯವನು’ ಎಂಬ ಕಾರಣಕ್ಕೆ. ವಾಲ್ಟರನ ಲೆಕ್ಕದಲ್ಲಿ ಗುಜರಾತಿಯೂ ನನ್ನ ಕಡೆಯವನೇ, ಫಿಜಿ ದ್ವೀಪದವನೂ ನನ್ನ ಕಡೆಯವನೇ. ಈ ಸಲ ಮಾತ್ರ ಅವನ ಬಾಣ ಕಣ್ಣುಮುಚ್ಚಿ ಬಿಟ್ಟರೂ ಗುರಿಗೇ ಬಿದ್ದಿತ್ತು. ನಾನು ಧಾರವಾಡದವಳು, ಈರಣ್ಣ ಗದಗಿನವನು.

ಈರಣ್ಣ ಮತ್ತು ಮಹಾದೇವಪ್ಪ ಎಂಬ ವಯಸ್ಸಾದವರು ಸೇರಿ ಮುಕಿಲ್ಟಿಯೊ ಹತ್ತಿರ ಸಣ್ಣ ಕಾರ್ಖಾನೆ ನಡೆಸುತ್ತಿದ್ದರು. ವಿಮಾನಕ್ಕೆ ಬೇಕಾದ ಬೋಲ್ಟು ಮಾಡುವುದು. ಬೋಲ್ಟನ್ನು ಕುಲುಮೆಯಲ್ಲಿ ಕಾಯಿಸಿ ಹದ ಮಾಡಬೇಕು. ಇವರು ಕಾಯಿಸದೆಯೇ ಕಾಯಿಸಿದ್ದೇವೆ ಎಂದು ಪ್ರಮಾಣಪತ್ರ ಕೊಟ್ಟರು. ಯಾರು ಹೇಳಿದ್ದು, ಯಾರು ಸಹಿ ಹಾಕಿದ್ದು ಎಂಬುದರಲ್ಲಿ ಇಬ್ಬರದೂ ಬೇರೆ ಬೇರೆ ಕಥೆ. ತಪ್ಪೊಪ್ಪಿಕೊಂಡರು. ಪಾಪ ಅನ್ನಬೇಡಿ, ಆ ಬೋಲ್ಟಿನ ವಿಮಾನದಲ್ಲಿ ಕೂತು ಬೆಂಗಳೂರಿಗೆ ಹೋಗಿಬರುವವರು ನಾವೇ. ಕಾರ್ಖಾನೆ ಮುಚ್ಚಿತು. ಮಹಾದೇವಪ್ಪನವರ ಎರಡೂ ಕಿಡ್ನಿ ಹೋಗಿದ್ದರಿಂದ ಅವರನ್ನು ಜೈಲಿಗೆ ಹಾಕದೆ ಮನೆಯಲ್ಲಿರಲು ಬಿಟ್ಟರು. ಈರಣ್ಣನಿಗೆ ಒಂದು ವರ್ಷ ಜೈಲು, ಆಮೇಲೆ ಮೂರು ವರ್ಷ ಕಣ್ಗಾವಲು. ಕಣ್ಗಾವಲಿನ ಷರತ್ತುಗಳಲ್ಲಿ ಒಂದು: ಸಹ ಆರೋಪಿಯೊಂದಿಗೆ ನೇರವಾಗಿಯಾಗಲಿ, ಬೇರೆಯವರ ಮೂಲಕವಾಗಲಿ ಯಾವ ಸಂಪರ್ಕವೂ ಕೂಡದು.

ಜೈಲಿಗೆ ಹೋಗುವ ಮುಂಚೆ ಅವನನ್ನು ಕಾಣಲು ಮನೆಗೇ ಹೋದೆ. ಸಾಲುಮನೆಗಳಲ್ಲಿ ಒಂದು. ಹೆಂಡತಿ ಶೈಲಾ ಚಹಾ ತಂದಳು, ಚಿಕ್ಕ ಮಗಳು ಸೋಫಾದ ಮೇಲೆ ಟ್ಯಾಬ್ ಹಿಡಿದು ಕೂತಿದ್ದಳು.

‘ಜೈಲ ಕಮ್ಮಿ ಆಗೂ ಹಂಗ ಏನರ ಮಾಡ್ರಿ ಮೇಡಮ್,’ ಎಂದ ಈರಣ್ಣ.

‘ಅದು ಆಗೂದಿಲ್ರಿ. ಹೊರಗ ಬಂದ ಮ್ಯಾಲಿನ ಷರತ್ತಿನೊಳಗ ಏನರ ತೊಂದರಿ ಅದಯೇನು, ಅದನ್ನ ಹೇಳ್ರಿ.’

‘ಏನೂ ಇಲ್ರಿ.’

ಅಷ್ಟರಲ್ಲಿ ಹಿತ್ತಲ ಬಾಗಿಲು ತೆರೆಯಿತು. ಚಪ್ಪಲಿ ಎಳೆಯುತ್ತಾ ಒಬ್ಬ ಹಿರಿಯರು ಒಳಗೆ ಬಂದರು. ‘ಶೈಲಾ, ಊಟಕ್ಕ ಏನ ಮಾಡೀಯವಾ ಇವತ್ತ?’ ಎನ್ನುತ್ತಾ ನನ್ನನ್ನು ನೋಡಿ ಅಲ್ಲೇ ನಿಂತರು. ಈರಣ್ಣ ತಕ್ಷಣ ಇಂಗ್ಲಿಷಿಗೆ ತಿರುಗಿದ. ‘ದಿಸ್ ಈಸ್ ಮಹಾದೇವಪ್ಪ, ಮೈ ಬಿಸಿನೆಸ್ ಪಾರ್ಟ್‌ನರ್. ನೆಕ್ಸ್ಟ್ ಡೋರ್ ನೇಬರ್.’ ಜಾಮೀನಿನ ಕಾಲದಲ್ಲಿ ಕೇಸಿನ ಬಗ್ಗೆ ಮಾತ್ರ ಮಾತಾಡಬಾರದು ಎಂದಿತ್ತು, ಆದ್ದರಿಂದ ಅವರು ಬಂದದ್ದು ತಪ್ಪಲ್ಲ. ಆದರೆ ಪಕ್ಕದ ಮನೆಯವರು ಹೀಗೆ ಹಿತ್ತಲಿಂದ ಬಂದು ಊಟಕ್ಕೇನು ಎಂದು ಕೇಳುವುದು ನಾನು ಅಮೆರಿಕದಲ್ಲಿ ಕಂಡಿರಲಿಲ್ಲ.

ಮಹಾದೇವಪ್ಪ ಹಿಂದಿರುಗಿ ಹೋದರು. ನಮ್ಮ ಕಚೇರಿಯಲ್ಲಿ ಕಕ್ಷಿದಾರನನ್ನು ಕೇಳಬೇಕಾದ ಪ್ರಶ್ನೆಗಳ ಉದ್ದನೆಯ ಪಟ್ಟಿಯೊಂದಿದೆ. ನಾನು ಅದನ್ನು ಬದಿಗಿಟ್ಟು, ನಮ್ಮ ಕಡೆ ಯಾವ ಹೆಂಗಸಾದರೂ ಮೊದಲ ಭೇಟಿಯಲ್ಲೇ ಕೇಳುವುದನ್ನು ಕೇಳಿದೆ.

‘ನಿಮ್ಮ ತವರಮನಿ ಯಾವೂರ್ರಿ, ಶೈಲಾ?’

‘ಗದಗ್ರಿ.’

‘ಯಜಮಾನ್ರದು?’

‘ಅದೂ ಗದಗ್ರಿ.’

‘ಹೌದಾ? ಯಾರ ಪೈಕಿ ನೀವು?’

ಶೈಲಾ ಗಂಡನ ಮುಖ ನೋಡಿದಳು. ಅವನು ಕಪ್ಪಿನೊಳಗೆ ನೋಡಿದ. ಹಿತ್ತಲಿಂದ ಬಂದು ‘ಮಾಡೀಯವಾ’ ಎಂದ ಹಿರಿಯರು, ಇಬ್ಬರಿಗೂ ಒಂದೇ ಊರು, ಹೇಳಲು ಈ ಸಂಕೋಚ: ಅಕ್ಕನ ಮಗಳನ್ನು ತಂದುಕೊಳ್ಳುವ ಕಡೆಯಿಂದ ಬಂದ ನನಗೆ ಇಷ್ಟು ಸಾಕಿತ್ತು.

‘ಈರಣ್ಣಾರ, ಆ ಹಿರಿಯರು ಇವರ ಅಪ್ಪ. ನೀವು ಇವರಿಗೆ ಸ್ವಾದರಮಾವ. ಹೌದಲ್ಲೇನ್ರಿ?’

ಹೌದು. ಈರಣ್ಣನ ಅಕ್ಕನನ್ನು ಮಹಾದೇವಪ್ಪನವರಿಗೆ ಕೊಟ್ಟಿತ್ತು. ಅವರ ಒಬ್ಬಳೇ ಮಗಳು ಶೈಲಾಳನ್ನು ಈರಣ್ಣನಿಗೆ ತಂದುಕೊಂಡರು. ಅಕ್ಕ ತೀರಿಹೋದ ಮೇಲೆ ಮಹಾದೇವಪ್ಪ ಪಕ್ಕದ ಮನೆಯಲ್ಲಿ ಒಬ್ಬರೇ. ಊಟ ಮಗಳ ಮನೆಯಲ್ಲಿ, ಡಯಾಲಿಸಿಸ್ಸಿಗೆ ಕರೆದುಕೊಂಡು ಹೋಗುವವಳೂ ಮಗಳೇ. ನಮ್ಮೂರಿನಲ್ಲಿ ಇದರಲ್ಲಿ ಹುಬ್ಬೇರಿಸುವಂಥದ್ದು ಏನೂ ಇಲ್ಲ. ವಾಲಗ ಊದಿಸಿ, ಊರಿಗೆಲ್ಲ ಊಟ ಹಾಕಿ ಮಾಡುವ ಮದುವೆ. ಇಲ್ಲಿ ಮಾತ್ರ ಅದು ಯಾರಿಗೂ ಗೊತ್ತಾಗಬಾರದ ವಿಷಯ. ಶಿಕ್ಷೆಗೆ ಮುಂಚೆ ನ್ಯಾಯಾಧೀಶರಿಗೆ ಕೊಡುವ ವರದಿಗಾಗಿ ಪ್ರೊಬೇಶನ್ ಅಧಿಕಾರಿ ಈರಣ್ಣನನ್ನು ‘ಒಡಹುಟ್ಟಿದವರು?’ ಎಂದು ಕೇಳಿದ್ದರು. ‘ಒಬ್ಬ ಅಕ್ಕ, ತೀರಿಕೊಂಡಿದ್ದಾಳೆ’ ಎಂದಿದ್ದ. ಸುಳ್ಳಲ್ಲ. ತೀರಿಕೊಂಡವಳ ಗಂಡ ಯಾರು ಎಂದು ಕೇಳುವ ಬುದ್ಧಿ ಆ ಅಧಿಕಾರಿಗೆ ಬರಲಿಲ್ಲ. ಮಹಾದೇವಪ್ಪನವರ ವರದಿ ಬರೆದದ್ದು ಬೇರೆ ಅಧಿಕಾರಿ, ಅದರಲ್ಲಿ ‘ಮಗಳು ಶೈಲಾ’ ಎಂದಿತ್ತು, ಈರಣ್ಣನದರಲ್ಲಿ ‘ಹೆಂಡತಿ ಶೈಲಾ’. ಎರಡೂ ವರದಿ ಒಬ್ಬರೇ ನ್ಯಾಯಾಧೀಶರ ಮುಂದೆ ಹೋದವು. ಎರಡನ್ನೂ ಒಟ್ಟಿಗೆ ಇಟ್ಟು ಓದಿದ ಪುಣ್ಯಾತ್ಮ ಯಾರೂ ಇಲ್ಲ.

‘ಇದನ್ನ ಮೊದಲ ವಕೀಲರಿಗೆ ಯಾಕ ಹೇಳಲಿಲ್ರಿ?’ ಎಂದೆ, ಸ್ವಲ್ಪ ಜೋರಾಗಿಯೇ.

‘ಇಲ್ಲೆ ಯಾರ ಮುಂದೂ ಹೇಳೂ ಹಂಗಿಲ್ರಿ,’ ಎಂದ ಈರಣ್ಣ. ‘ಒಮ್ಮೆ ಹೇಳಿ ಅನುಭವಿಸೇವಿ.’

ಶೈಲಾ ಬಸುರಿಯಾಗಿದ್ದಾಗ ಆಸ್ಪತ್ರೆಯಲ್ಲಿ ನರ್ಸು, ಗಂಡ ಹೆಂಡತಿ ರಕ್ತಸಂಬಂಧಿಗಳೇ ಎಂದು ಕೇಳಿದಳಂತೆ. ಈರಣ್ಣ ಮುಗ್ಧನಾಗಿ ಇದ್ದದ್ದು ಇದ್ದ ಹಾಗೆ ಹೇಳಿದ. ನರ್ಸು ಬರೆಯುವುದನ್ನು ನಿಲ್ಲಿಸಿದಳು. ಆಮೇಲೆ ಇನ್ನೊಬ್ಬಳು ಬಂದು, ಅವನನ್ನು ಹೊರಗೆ ಕಳಿಸಿ, ಶೈಲಾಳ ಕೈ ಹಿಡಿದು, ‘ನಿನ್ನನ್ನು ಯಾರಾದರೂ ಬಲವಂತ ಮಾಡಿದ್ದಾರೆಯೇ? ಹೆದರಬೇಡ, ಹೇಳು’ ಎಂದಳು. ಈರಣ್ಣ ಹೊರಗೆ ಬೆಂಚಿನ ಮೇಲೆ ಅಪರಾಧಿಯಂತೆ ಕೂತಿದ್ದ. ಅವತ್ತಿನಿಂದ ಯಾರು ಕೇಳಿದರೂ ‘ಒಂದೇ ಊರಿನವರು’ ಎಂದಷ್ಟೇ ಉತ್ತರ.

ಇಲ್ಲಿನ ನಮ್ಮ ಜನರ ಮುಂದೆ ಹೇಳಿದರೂ ಅಷ್ಟೇ. ‘ಅಯ್ಯೋ, ಈಗ್ಲೂ ಹಾಗ್ ಮಾಡ್ತಾರಾ?’ ಎಂದು ಯುಗಾದಿ ಊಟದಲ್ಲಿ ಮೂಗು ಮುರಿಯುವವರು ಬೇಕಾದಷ್ಟಿದ್ದಾರೆ. ಅವರವರ ಅಜ್ಜ ಅಜ್ಜಿ ಒಬ್ಬರಿಗೊಬ್ಬರು ಏನಾಗಬೇಕಿತ್ತು ಎಂದು ಕೇಳಿದರೆ ಒಬ್ಬೊಬ್ಬರಾಗಿ ಎದ್ದು ಪಾಯಸದ ಕಡೆ ಹೋಗುತ್ತಾರೆ.

ನಾನು ಈರಣ್ಣನಿಗೆ ಬಿಡಿಸಿ ಹೇಳಿದೆ. ಹತ್ತಿರದ ಬಂಧುವಿನೊಂದಿಗೆ ಮಾತು ಬಿಡಿಸುವ ಷರತ್ತು ಹಾಕಬೇಕಾದರೆ ನ್ಯಾಯಾಧೀಶರು ಅದು ಯಾಕೆ ಬೇಕೇಬೇಕು ಎಂದು ಬೇರೆಯೇ ಕಾರಣ ಕೊಡಬೇಕು, ಇದು ಕಾನೂನು. ಆದರೆ ಅವರ ಕಡತದಲ್ಲಿ ಮಹಾದೇವಪ್ಪ ಬರೀ ಪಾಲುದಾರ. ಮೇಲಿನ ಕೋರ್ಟು ಕಡತದಲ್ಲಿ ಇಲ್ಲದ್ದನ್ನು ನೋಡುವುದಿಲ್ಲ. ಸಂಬಂಧ ಹೇಳಬೇಕಾದ್ದು ಕೆಳಗಿನ ಕೋರ್ಟಿನಲ್ಲಿ, ಅದೂ ಅವನೇ ಒಪ್ಪಿ.

‘ಕೋರ್ಟಿನ್ಯಾಗ ಹೇಳಿದ್ರ ಬರಕೋತಾರ್ರಿ. ಅದು ಇಂಟರ್ನೆಟ್ಟಿನ್ಯಾಗ ಬರತೈತಿ. ನನ್ನ ಮಗಳು ದೊಡ್ಡಾಕಿ ಆಗಿ ಓದತಾಳ, ಆಕಿ ಗೆಳತ್ಯಾರು ಓದತಾರ. ಬ್ಯಾಡ್ರಿ. ನೀವೂ ಯಾರ ಮುಂದೂ ಹೇಳಬ್ಯಾಡ್ರಿ.’

ಕಕ್ಷಿದಾರ ಬೇಡ ಎಂದ ಮೇಲೆ ವಕೀಲೆಯ ಬಾಯಿಗೆ ಬೀಗ. ಹೊಸದಾಗಿ ಬರುವವರಿಗೆ ಇದನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಗೆಲ್ಲುವ ಮಾತು ನಾಲಗೆಯ ತುದಿಯಲ್ಲೇ ಇದ್ದು ಅದನ್ನು ನುಂಗಿಕೊಂಡು ಸೋಲುವುದೂ ಈ ಕೆಲಸದ ಭಾಗ.

ಇನ್ನೇನು ಮಾಡುವುದು? ನ್ಯಾಯಾಧೀಶರು ಬಾಯಲ್ಲಿ ಹೇಳಿದ್ದಕ್ಕೂ ಆಮೇಲೆ ಅಚ್ಚಾಗಿ ಬಂದ ಆದೇಶಕ್ಕೂ ತಾಳೆ ನೋಡಿದೆ. ನನ್ನ ಜಾಗಕ್ಕೆ ಬಂದಿರುವ ಹುಡುಗಿಯೇ, ಇದನ್ನು ಪ್ರತಿ ಕೇಸಿನಲ್ಲೂ ಮಾಡು, ಬೇಸರವಾದರೂ ಮಾಡು. ಎರಡೂ ಬೇರೆಯಾದರೆ ಬಾಯಿಮಾತೇ ಊರ್ಜಿತ. ನ್ಯಾಯಾಧೀಶರು ಹೇಳಿದ್ದು ‘ಸಹ ಆರೋಪಿ’. ಅಚ್ಚಿನಲ್ಲಿ ಇದ್ದದ್ದು ‘ಸಹ ಆರೋಪಿ ಹಾಗೂ ಆತನ ಕುಟುಂಬದವರು’. ಯಾವುದೋ ಬೇರೆ ಕೇಸಿನ ಬಾಲ ಇಲ್ಲಿ ಅಂಟಿಕೊಂಡಿತ್ತು. ಸಹ ಆರೋಪಿಯ ಕುಟುಂಬ ಎಂದರೆ ಯಾರು? ಶೈಲಾ ಮತ್ತು ಅವಳ ಮಗಳು. ಆ ಕಾಗದದ ಪ್ರಕಾರ ಈರಣ್ಣ ಜೈಲಿನಿಂದ ಬಂದು ಹೆಂಡತಿಯನ್ನು ‘ಹ್ಯಾಂಗದೀ?’ ಎಂದು ಕೇಳಿದರೂ ಮತ್ತೆ ಜೈಲು. ಅಷ್ಟು ಜನ ಸಹಿ ಹಾಕಿದ ಆ ಕಾಗದ ಒಬ್ಬ ಮನುಷ್ಯನಿಗೆ ತನ್ನ ಸಂಸಾರವನ್ನೇ ನಿಷೇಧಿಸಿತ್ತು, ಮತ್ತು ಅದನ್ನು ಬರೆದವರಿಗೇ ಅದು ಗೊತ್ತಿರಲಿಲ್ಲ. ನನಗೆ ಮೊದಲು ನಗು ಬಂತು, ಆಮೇಲೆ ಮೈ ಉರಿಯಿತು.

ಕಕ್ಷಿದಾರನ ಗುಟ್ಟನ್ನು ಕಚೇರಿಯೊಳಗೆ ಹಂಚಿಕೊಳ್ಳಲು ಅಡ್ಡಿಯಿಲ್ಲವಾದ್ದರಿಂದ ವಾಲ್ಟರನಿಗೆ ಹೇಳಿದೆ. ಅವನು ಕನ್ನಡಕ ತೆಗೆದು ಒರೆಸಿದ. ‘ಅಲ್ಲಿ ಅದು ಕಾನೂನುಬದ್ಧವೇ?’ ಎಂದ. ‘ಕಾನೂನುಬದ್ಧ, ಊಟವೂ ಚೆನ್ನಾಗಿರುತ್ತದೆ,’ ಎಂದೆ. ಕನ್ನಡಕ ಹಾಕಿಕೊಳ್ಳುತ್ತಾ, ‘ಅದನ್ನು ಎಲ್ಲೂ ಬರೆಯಬೇಡ, ನ್ಯಾಯಾಧೀಶರಿಗೆ ಅಸಹ್ಯವಾಗಬಹುದು,’ ಎಂದ. ಈರಣ್ಣ ಬೇಡ ಅಂದದ್ದು ಮಗಳ ಮೇಲಿನ ಅಕ್ಕರೆಗೆ. ಇವನು ಬೇಡ ಅಂದದ್ದು ತನಗೇ ಆದ ಅಸಹ್ಯಕ್ಕೆ. ಅವತ್ತಿನಿಂದ ಅವನ ಮೇಲೆ ನನಗಿದ್ದ ಅಲ್ಪಸ್ವಲ್ಪ ಗೌರವವೂ ಹೋಯಿತು.

ಆ ಹೆಚ್ಚಿನ ಪದಗಳನ್ನು ತೆಗೆಯಿರಿ ಎಂದಷ್ಟೇ ಮೇಲ್ಮನವಿ ಬರೆದೆ. ಸರ್ಕಾರದ ವಕೀಲರು ಮರುಮಾತಿಲ್ಲದೆ ಒಪ್ಪಿದರು. ಆದರೂ ತೀರ್ಪು ಬರಲು ವರ್ಷ ಮೀರಿತು. ಬಂದದ್ದು ಎರಡು ಪ್ಯಾರಾ: ಕುಟುಂಬ ಎಂಬ ಮಾತು ತೆಗೆದು ಆದೇಶ ಸರಿಪಡಿಸಿ. ವಾಲ್ಟರ್ ಗಂಟೆ ಹೊಡೆದ. ನಾನು ಎದ್ದು ನಿಲ್ಲಲಿಲ್ಲ.

ಅಷ್ಟರಲ್ಲಿ ಈರಣ್ಣ ಜೈಲಿನಿಂದ ಬಂದಾಗಿತ್ತು. ಹೆಂಡತಿ ಮಗಳ ವಿಷಯಕ್ಕೆ ಯಾರೂ ಬರಲಿಲ್ಲ, ಯಾಕೆಂದರೆ ಅವರು ಸಹ ಆರೋಪಿಯ ಕುಟುಂಬ ಎಂದು ಅಧಿಕಾರಿಗೆ ಗೊತ್ತೇ ಇರಲಿಲ್ಲ. ಆದರೆ ಸಹ ಆರೋಪಿಯ ಪಕ್ಕದ ಮನೆಯಲ್ಲಿ ಇರುವಂತಿಲ್ಲ ಎಂದರು. ಶೈಲಾ ಅಪ್ಪನನ್ನು ಬಿಟ್ಟು ಬರುವಂತಿರಲಿಲ್ಲ. ಈರಣ್ಣ ಲಿನ್‌ವುಡ್‌ನಲ್ಲಿ ಯಾರದೋ ಮನೆಯ ನೆಲಮಾಳಿಗೆಯ ಕೋಣೆ ಹಿಡಿದ. ಭಾನುವಾರ ಶೈಲಾ ಮಗಳನ್ನು ಕರೆದುಕೊಂಡು ಬುತ್ತಿ ಕಟ್ಟಿಕೊಂಡು ಹೋಗುವಳು. ಬೇರೆಯವರ ಮೂಲಕವೂ ಸಂಪರ್ಕ ಕೂಡದು ಎಂದಿತ್ತಲ್ಲ, ಅವಳಿಗೆ ಅದೇ ಭಯ. ‘ಅಪ್ಪಗ ಬಿಪಿ ಭಾಳ...’ ಎಂದು ಶುರುಮಾಡಿ ಅರ್ಧಕ್ಕೇ ನಿಲ್ಲಿಸುವಳು. ಅತ್ತ ಅಪ್ಪ ‘ಅವ ಹ್ಯಾಂಗದಾನ?’ ಎಂದರೆ ಕಿವಿ ಕೇಳದವಳಂತೆ ಪಾತ್ರೆ ತಿಕ್ಕುವಳು. ಮುಕಿಲ್ಟಿಯೊದ ದೋಣಿಕಟ್ಟೆಯ ಹತ್ತಿರ ಕಾರಿನಲ್ಲಿ ಕೂತು ನನಗೆ ಇದನ್ನೆಲ್ಲ ಹೇಳಿದಳು. ‘ಮೇಡಮ್, ನನಗ ತವರಮನಿ, ಗಂಡನ ಮನಿ ಎರಡೂ ಒಂದ ಮನಿ ಇತ್ರಿ. ಅದನ್ನ ನಡಕ ಸೀಳಿದ್ರು. ಹಿಂಗ ಮೂರು ವರ್ಷ ಇರೂಮಟ ಅಪ್ಪ ಉಳಿಯೂದಿಲ್ರಿ.’

ಆದೇಶ ಸರಿಪಡಿಸಲು ಕೆಳಗಿನ ಕೋರ್ಟು ಒಂದು ದಿನ ಗೊತ್ತುಮಾಡಿತು. ಸಾಧಾರಣವಾಗಿ ಇದಕ್ಕೆ ನಾನು ಹೋಗುವುದಿಲ್ಲ, ಶಿಕ್ಷೆಯ ದಿನ ಜೊತೆಗಿದ್ದ ಹಳೆಯ ವಕೀಲರು ಹೋಗುತ್ತಾರೆ. ಗೋಣು ಹಾಕುವ ಆ ಮನುಷ್ಯನ ಮೇಲೆ ನಂಬಿಕೆಯಿಲ್ಲದೆ ನಾನೇ ಹೋದೆ. ಸಂಬಂಧ ಹೇಳಿಬಿಡಲೇ ಎಂದು ಬಾಗಿಲಲ್ಲಿ ಈರಣ್ಣನನ್ನು ಇನ್ನೊಮ್ಮೆ ಕೇಳಿದೆ. ‘ಬ್ಯಾಡಂದ್ರ ಬ್ಯಾಡ್ರಿ,’ ಎಂದ.

ನ್ಯಾಯಾಧೀಶರು ಬಂದರು, ಗಡಗಡ ಓದಿದರು, ಕುಟುಂಬ ಎಂಬ ಮಾತು ಹೊಡೆದುಹಾಕಿದರು. ‘ಉಳಿದದ್ದು ಹಾಗೇ ಇರುತ್ತದೆ. ಬೇರೇನಾದರೂ?’ ಎಂದು ಕಾಗದ ಮುಚ್ಚತೊಡಗಿದರು. ನಾನು ನಿಂತಿದ್ದೆ. ಈರಣ್ಣನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ. ‘ಇಲ್ಲ’ ಎನ್ನಲು ನನಗೆ ಬಾಯಿ ಬರಲಿಲ್ಲ, ‘ಇದೆ’ ಎನ್ನಲು ಹಕ್ಕಿರಲಿಲ್ಲ.

ಹಿಂದಿನ ಬೆಂಚಿನಿಂದ ಶೈಲಾ ಎದ್ದಳು. ತನ್ನ ಇಂಗ್ಲಿಷಿನಲ್ಲಿ, ನಿಧಾನವಾಗಿ, ಒಂದೊಂದೇ ಮಾತು ಹೇಳಿದಳು. ‘ಸರ್, ನೀವು ಸಹ ಆರೋಪಿ ಅಂತ ಕರೆಯುವವರು ನನ್ನ ತಂದೆ. ಇವರು ನನ್ನ ಗಂಡ. ಇವರು ನನ್ನ ತಾಯಿಯ ತಮ್ಮನೂ ಹೌದು. ನಮ್ಮ ಊರಲ್ಲಿ ಇಂಥ ಮದುವೆ ಇದೆ, ನಾನು ಒಪ್ಪಿ ಆಗಿದ್ದು. ತಂದೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಒಂದು ಕಡೆ ಇದ್ದರೆ ಇನ್ನೊಂದು ಕಡೆ ಇಲ್ಲ. ನಾನು ಯಾವ ತಪ್ಪೂ ಮಾಡಿಲ್ಲ, ಈ ಶಿಕ್ಷೆ ನನಗೆ ಯಾಕೆ?’

ಎಲ್ಲರೂ ಅಷ್ಟು ಹೆದರಿದ್ದ ಮಾತು ಹೊರಗೆ ಬಂದಾಗಿತ್ತು. ಈಗೇನು ಆಕಾಶ ಬೀಳುತ್ತದೋ ಎಂದು ಕಾದೆ. ನ್ಯಾಯಾಧೀಶರು ಈರಣ್ಣನನ್ನು ‘ಇದು ನಿಜ ಏನು?’ ಎಂದು ಕೇಳಿದರು. ‘ಯೆಸ್ ಸರ್,’ ಎಂದ, ತಲೆಯೆತ್ತದೆ. ಪ್ರೊಬೇಶನ್ ಅಧಿಕಾರಿಯನ್ನು ‘ನಿಮಗೆ ಗೊತ್ತಿತ್ತೇ?’ ಎಂದು ಕೇಳಿದರು. ‘ನಮ್ಮ ಪ್ರಶ್ನೆಗಳಲ್ಲಿ ಅದಿಲ್ಲ, ಮಾನ್ಯರೇ.’ ನನ್ನ ಕಡೆ ತಿರುಗಿದರು. ‘ನಿಮಗೆ?’

‘ನನಗೆ ಏನು ಗೊತ್ತಿತ್ತು ಎಂದು ಹೇಳುವ ಸ್ವಾತಂತ್ರ್ಯ ನನಗಿಲ್ಲ,’ ಎಂದೆ.

ಸರ್ಕಾರದ ವಕೀಲರು ತಮ್ಮದೇನೂ ಅಭ್ಯಂತರವಿಲ್ಲ ಎಂದರು. ಇಬ್ಬರೂ ಸೇರಿ ಮತ್ತೆ ವ್ಯಾಪಾರ ಮಾಡಕೂಡದು ಎಂದು ಒಂದು ಸಾಲು ಸೇರಿಸಿ, ಮಾತಾಡಕೂಡದು ಎಂಬುದನ್ನು ನ್ಯಾಯಾಧೀಶರು ಪೂರ್ತಿ ತೆಗೆದರು. ಟೈಪ್ ಮಾಡುತ್ತಿದ್ದ ಹೆಂಗಸು ಶೈಲಾಳ ಹೆಸರಿನ ಸ್ಪೆಲಿಂಗ್ ಕೇಳಿದಳು. ಮುಂದಿನ ಕೇಸು ಕರೆದರು. ಆಯಿತು, ಅಷ್ಟೇ. ಯಾರಿಗೂ ಅಸಹ್ಯವಾಗಲಿಲ್ಲ, ಯಾಕೆಂದರೆ ಯಾರಿಗೂ ಅಷ್ಟು ಆಸಕ್ತಿಯೂ ಇರಲಿಲ್ಲ. ಒಂದು ಸಂಸಾರ ವರ್ಷಗಟ್ಟಲೆ ಮುಚ್ಚಿಟ್ಟು ನಡುಗಿದ್ದನ್ನು ಆ ಕೋರ್ಟು ಒಂದು ಆಕಳಿಕೆಯಷ್ಟು ಹೊತ್ತಿನಲ್ಲಿ ಮರೆತುಬಿಟ್ಟಿತು.

ಹೊರಗೆ ಬಂದ ಮೇಲೆ ಈರಣ್ಣ ಹೆಂಡತಿಯ ಮುಖ ನೋಡಲಿಲ್ಲ. ‘ನೀವ ಕಲಿಸಿದ್ರೇನ್ರಿ ಆಕಿಗೆ?’ ಎಂದು ನನ್ನನ್ನು ಕೇಳಿದ. ನಾನು ಬಾಯಿ ತೆಗೆಯುವ ಮೊದಲೇ ಶೈಲಾ, ‘ನನ್ನ ಅಪ್ಪನ ಹೆಸರು ಹೇಳಾಕ ನನಗ ಯಾರೂ ಕಲಿಸಬೇಕಾಗಿಲ್ರಿ,’ ಎಂದು ಲಿಫ್ಟಿನ ಗುಂಡಿ ಒತ್ತಿದಳು.

ಒಂದು ತಿಂಗಳ ಮೇಲೆ ಊಟಕ್ಕೆ ಕರೆದಳು. ಈರಣ್ಣ ಲಿನ್‌ವುಡ್ಡಿನ ಕೋಣೆ ಬಿಟ್ಟು ಮನೆಗೆ ಬಂದಿದ್ದ. ಮಹಾದೇವಪ್ಪ ಹಿತ್ತಲ ಬಾಗಿಲಿನಿಂದ ಬಂದು ತಮ್ಮ ಕುರ್ಚಿಯಲ್ಲಿ ಕೂತರು. ಕೋರ್ಟೇ ಒಪ್ಪಿ ಒಟ್ಟಿಗೆ ಕೂರಿಸಿದ ಮಾವ ಅಳಿಯನ ಮಾತು ಕೇಳಬೇಕೆಂದು ನಾನು ಕಿವಿ ತೆರೆದು ಕೂತೆ. ಇಬ್ಬರೂ ಒಬ್ಬರೊಡನೊಬ್ಬರು ತುಟಿಪಿಟಕ್ಕೆನ್ನಲಿಲ್ಲ. ಬೋಲ್ಟಿನ ಕಾಗದ ಯಾರಿಂದ ಆಯಿತು ಎಂಬ ಸಿಟ್ಟು ಇಬ್ಬರಲ್ಲೂ ಹಾಗೇ ಕೂತಿತ್ತು. ಮಹಾದೇವಪ್ಪ ಅಳಿಯನ ಕಡೆ ನೋಡದೆ ಮಗಳಿಗೆ, ‘ಅವಗ ಇನ್ನೊಂದು ರೊಟ್ಟಿ ಹಾಕವಾ,’ ಎಂದರು. ಈರಣ್ಣ ಗೋಡೆ ನೋಡುತ್ತಾ, ‘ಸಾಕಂತ ಹೇಳು ಅವರಿಗೆ,’ ಎಂದ. ಇಡೀ ಊಟ ಹೀಗೇ ನಡೆಯಿತು.

ನನಗೆ ತಡೆಯಲಾಗಲಿಲ್ಲ. ತಟ್ಟೆ ಹಿಡಿದು ಅಡುಗೆಮನೆಗೆ ಹೋದೆ. ‘ಇದಕ್ಕೇನ್ರಿ ಶೈಲಾ, ಇಷ್ಟ ಬಡದಾಡಿದ್ದು? ಮಾತಾಡ್ರಿ ಅಂತ ಆರ್ಡರ್ ತಂದ್ರ ಇಬ್ಬರೂ ಮಾರಿ ತಿರುವಿ ಕೂತಾರಲ್ರಿ!’

ಶೈಲಾ ಹಂಚಿನ ಮೇಲಿನ ರೊಟ್ಟಿ ಮಗುಚಿದಳು. ಅವಳ ಮುಖದಲ್ಲಿ ಬೇಸರವೇನೂ ಇರಲಿಲ್ಲ.

‘ಕೂಡ್ಲಿ ಬಿಡ್ರಿ ಮೇಡಮ್. ಮಾತಾಡಬ್ಯಾಡ್ರಿ ಅಂತ ಕೋರ್ಟ ಹೇಳಿದಾಗ ನನ್ನ ಕೈಯಾಗ ಏನೂ ಇರಲಿಲ್ರಿ. ಈಗ ಅವರ ಸಿಟ್ಟು ಅವರದ. ಅಪ್ಪನ ಸಿಟ್ಟು, ಇವರ ಸಿಟ್ಟು ಎರಡೂ ಇಳಸೂದು ನನಗ ಗೊತ್ತೈತಿ,’ ಎಂದು ಬಿಸಿ ರೊಟ್ಟಿ ಬುಟ್ಟಿಗೆ ಹಾಕಿಕೊಂಡು ಅವರಿಬ್ಬರ ನಡುವೆ ಹೋಗಿ ನಿಂತಳು.